ಹಾಲುಮರಿಯ ಕತ್ತರಿ

ಪುಣೆ
೧೨ ಅಕ್ಟೋಬರ್ ೧೯೫೮

ಅಣ್ಣಾ,

ಅವ್ವಗ, ನಿನಗ, ಸಾತವ್ವ ವೈನಿಗೆ ಎಲ್ಲಾರಿಗೂ ಕೂಡಿ ಒಂದ ನಮಸ್ಕಾರ. ಹಾಳಿ ಸಣ್ಣದೈತಿ, ಮಾತು ಬಾಳ ಅದಾವು.

ಬೈಸಿಕೊಳ್ಳೋ ಸುದ್ದಿ ಮೊದಲ ಹೇಳಿಬಿಡ್ತೇನಿ. ನನಗ ಮರಿ ಹೊಟ್ಟಿ ಬೇಕಾಗೈತಿ. ಬರೇ ಹಾಲು ಕುಡಿದ ಮರೀದು, ಹುಲ್ಲಿಗೆ ಬಾಯಿ ಹಚ್ಚದಂಥಾದ್ದು. ಕುರಿಗೆ ನಾಕು ಹೊಟ್ಟಿ ಇರತಾವಲ್ಲಾ, ಅದರಾಗ ಕಡೀದು, ನಾಕನೇದು. ಕೊಂದು ಕಳಸು ಅನ್ನಂಗಿಲ್ಲ. ಥಂಡಿಗೆ, ಬ್ಯಾನಿಗೆ ತಾವಾಗೇ ಸಾಯ್ತಾವಲ್ಲಾ, ಅಂಥಾವು ಸಾಕು. ತೊಳದು, ಉಪ್ಪು ತಿಕ್ಕಿ, ನೆರಳಾಗ ಒಣಗಿಸಿ ಕಳಿಸಿದ್ರ ಕೆಡಂಗಿಲ್ಲ.

ಯಾಕಂತ ಕೇಳು. ಬ್ಯಾಳ್ಯಾಗ, ಹಾಲಿನ್ಯಾಗ, ಮಾಂಸದಾಗ ಪ್ರೋಟೀನ್ ಅಂತ ಇರತೈತಿ. ಅದು ಉದ್ದನ್ನ ಮಣಿ ಸರ ಇದ್ದಂಗ, ಮಣಿ ಇಪ್ಪತ್ತ ನಮೂನಿ. ಸರ ಇಡೀದು ಇದ್ರ ಮೈಗೆ ಹತ್ತಂಗಿಲ್ಲ, ತುಂಡ ಆಗಬೇಕು. ತುಂಡ ಮಾಡೋವಕ್ಕ ಪುಸ್ತಕದಾಗ ಕಿಣ್ವ ಅಂತಾರ, ನಾ ನಿನಗ ಕತ್ತರಿ ಅಂತನ ಬರೀತೇನಿ. ಈ ಕತ್ತರಿ ಬಾಯಾಗ ಒಂದ ತಗ್ಗು ಇರತೈತಿ. ಆ ತಗ್ಗಿನ್ಯಾಗ ಯಾವ ಮಣಿ ಸರಿಯಾಗಿ ಕುಂದರತೈತೋ, ಅದರ ಬಾಜೂಕ ಅಷ್ಟ ಕಡೀತೈತಿ. ಕರಳಿನ್ಯಾಗ ಟ್ರಿಪ್ಸಿನ್ ಅಂತ ಒಂದ ಕತ್ತರಿ ಐತಿ. ಅದು ಎರಡ ನಮೂನಿ ಮಣಿ ಕಂಡ್ರ ಕಡೀತೈತಿ, ಬಾಕಿ ಮಣಿ ಕಡೆ ಹೊಳ್ಳಿ ಸೈತ ನೋಡಂಗಿಲ್ಲ. ದೊಡ್ಡ ಕುರಿ ಹೊಟ್ಟ್ಯಾಗಿನ ಪೆಪ್ಸಿನ್ನಗ ಅಷ್ಟು ಮಡಿ ಇಲ್ಲ, ಬಾಳ ಕಡೆ ಬಾಯಿ ಹಾಕತೈತಿ.

ಹಾಲುಮರಿ ಕತ್ತರಿ ಬ್ಯಾರೆ, ಅದರ ಹೆಸರು ರೆನಿನ್. ಹಾಲಿನ್ಯಾಗ ಪ್ರೋಟೀನ್ ಸಣ್ಣ ಸಣ್ಣ ಉಂಡಿ ಆಗಿ ತೇಲತೈತಿ. ಉಂಡಿ ಒಂದಕ್ಕೊಂದು ಅಂಟಬಾರದಂತ ಒಂದ ಕಾವಲು ಸರ ಐತಿ. ರೆನಿನ್ ಬಂದು ಆ ಕಾವಲು ಸರದಾಗ ಒಂದ ಜಾಗಾದಾಗ ಕಡಿದು ನಿಂದರತೈತಿ. ಕಾವಲು ಹೋತು, ಉಂಡಿ ಕೂಡಿದವು, ಹಾಲು ಗಡ್ಡಿ ಆತು. ಗಡ್ಡಿ ಆದ ಹಾಲು ಹೊಟ್ಟ್ಯಾಗ ನಿಂತು ಮರಿಗೆ ನಿಧಾನಕ ಹತ್ತತೈತಿ.

ನಮ್ಮ ದಖ್ಖನಿ ಕುರಿ ಮರೀದೂ ಹಿಂಗ, ಒಂದ ಕಡೆ ಕಡಿದು ನಿಂದರತೈತಿ ಅಂತ ಪ್ರಯೋಗಶಾಲಾದಾಗ ತುಂಬಿದ ಮಂದಿ ಮುಂದ ಅಂದುಬಿಟ್ಟೇನಿ. ಅಂದದ್ದು ಒಂದ ಹೊಟ್ಟಿ ನೋಡಿ. ನಮ್ಮ ಸರ್ ನಕ್ಕರು. "ಹೋಳಿ ಹುಣ್ಣಿಮಿಯೊಳಗ ತೋರಸು. ತೋರಸದಿದ್ರ ಇಲ್ಲಿ ಸಂಶೋಧನಾ ಮಾಡೋ ನಿನ್ನ ಜಾಗಾ ಬ್ಯಾರೆಯವರಿಗೆ ಹೋಗತೈತಿ" ಅಂದ್ರು. ಗೋಕಾಕದ ಸಾಲಿಗೆ ನನ್ನನ್ನ ಹೆಗಲ ಮ್ಯಾಲ ಹೊತ್ತು ಒಯ್ದಾಂವ ನೀ. ಇದೊಂದು ಸಲ ಇನ್ನೊಮ್ಮೆ ಹೊರು.

ನಿನ್ನ ತಂಗಿ
ರಾಮವ್ವ

&nbsp;

ಮಸಗುಪ್ಪಿ
೨೩ ಅಕ್ಟೋಬರ್ ೧೯೫೮

ರಾಮವ್ವಾ,

ಹುಚ್ಚ ಹಿಡದೈತೇನ ನಿನಗ? ನಿನ್ನ ಪತ್ರ ಓದಿ ಚಹಾ ಆರಿ ನೀರಾತು, ಕುಡಿಯಾಕ ಆಗಲಿಲ್ಲ. ಅವ್ವ ಏನ ಬರದಾಳಂತ ಕೇಳಿದ್ಲು. ಆರಾಮ ಅದಾಳಂತ, ಥಂಡಿ ಬಾಳ ಐತಂತ ಅಂತ ಸುಳ್ಳ ಹೇಳಿದ್ನಿ.

ನೀ ಕುರುಬರ ಮನ್ಯಾಗ ಹುಟ್ಟಿದಾಕಿ. ಹಾಲು ಕುಡಿಯೋ ಮರಿ ಸತ್ರ ನಾವು ಏನ ಮಾಡತೇವಿ ಅನ್ನೋದು ಮರತಿ ಏನು? ಇಡೀ ಮರಿ ಕುರಿ ಕೂಡೋ ದಡ್ಡಿ ಮೂಲ್ಯಾಗ ಹುಗೀತೇವಿ. ತಾಯಿ ಕುರಿ ಉಣ್ಣಿ ಒಂದ ಎಳಿ ಕಿತ್ತು ಸಂಗಾಟ ಇಡತೇವಿ, ತಾಯಿ ಬಿಟ್ಟು ಹೋಗಬಾರದಂತ. ಮ್ಯಾಲ ಅದರ ತಾಯಿ ಹಾಲು ಸುರೀತೇವಿ. ಚಾಕು ಹಚ್ಚಂಗಿಲ್ಲ. ನಮ್ಮ ಅಪ್ಪ ಹಚ್ಚಿಲ್ಲ, ಅವರಪ್ಪ ಹಚ್ಚಿಲ್ಲ. ಮಾಲಿಂಗಪ್ಪ ಕಾಕಾಗ ಗೊತ್ತಾದ್ರ ನನ್ನ ಜೀವಾ ತಗೀತಾನ. ಅಪ್ಪ ಹೋದಾಗಿಂದ ಅವನ ಕುರಿ, ನಮ್ಮ ಕುರಿ ಒಂದ ಹಿಂಡು. ಒಂದ ಮನಿ ಇದ್ದಂಗ ಇದ್ದೇವಿ.

ಇನ್ನ ನಿನ್ನ ಕತ್ತರಿ ಮಾತು. ಕತ್ತರಿ ಅಂದ್ರ ನನಗ ಕಲಸಬ್ಯಾಡ. ವರ್ಷಕ್ಕ ಎರಡ ಸಲ ಉಣ್ಣಿ ಕತ್ತರಸ್ತೇನಿ. ಲಕ್ಷ್ಯ ಇಲ್ಲಂದ್ರ ಅದು ಉಣ್ಣಿ ಬಿಟ್ಟು ಕುರಿ ಕಿವಿ ಹಾರಸ್ತೈತಿ. ಕತ್ತರಿಗೆ ಕಣ್ಣಿಲ್ಲ, ಹಿಡದ ಕೈಗೆ ಇರಬೇಕು. ನಿನ್ನ ಕತ್ತರಿಗೆ ಕೈನ ಇಲ್ಲ, ಅದು ಹೆಂಗ ಆರಿಸಿ ಆರಿಸಿ ಕಡೀತೈತಿ? ಅಷ್ಟು ಹರತ ಇದ್ರ ಮರಿ ಹೊಟ್ಟೀನ ಯಾಕ ಹರಕೊಂಡು ಹೊರಗ ಬರಂಗಿಲ್ಲ? ಇದಕ್ಕ ಉತ್ತರಾ ಕೊಡು ನೋಡೋಣು.

ಹೊಟ್ಟಿ ಗಿಟ್ಟಿ ಆಗೂದಿಲ್ಲ. ಬ್ಯಾರೆ ಏನರ ಬೇಡು. ಕರದಂಟು ಬೇಕಂದ್ರ ಗೋಕಾಕಕ್ಕ ಹೋಗಿ ತಂದು ಕಳಸ್ತೇನಿ.

ಸಿಟ್ಟಿನ್ಯಾಗ ಇರೋ ನಿನ್ನಣ್ಣ
ಬೀರಸಿದ್ದಪ್ಪ

&nbsp;

ಪುಣೆ
೨ ನವೆಂಬರ್ ೧೯೫೮

ಅಣ್ಣಾ,

ಕರದಂಟು ಕಳಸು, ಬ್ಯಾಡ ಅನ್ನಂಗಿಲ್ಲ.

ಕತ್ತರಿ ಹೆಂಗ ಆರಸ್ತೈತಿ ಅಂತ ಕೇಳಿದಿ. ಸಂಜಿಕೆ ಹಿಂಡು ಬಂದಾಗ ಅಷ್ಟು ಕುರಿ ಒಳಗ ಮರಿ ತನ್ನ ತಾಯಿ ಕಡೇನ ಹೋಗತೈತಿ. ಬ್ಯಾರೆ ಕುರಿ ಮೊಲಿಗೆ ಬಾಯಿ ಹಾಕಿದ್ರ ಒದಿಸಿಕೊಂಡು ಬರತೈತಿ. ಇದೂ ಹಂಗ. ಕತ್ತರಿ ಹುಡುಕಾಕ ಹೋಗಂಗಿಲ್ಲ. ಸರಗೋಳು ಬಂದು ಬಂದು ಅದಕ್ಕ ತಾಕತಿರತಾವು. ತಗ್ಗಿನ್ಯಾಗ ಕುಂದರದ ಮಣಿ ಜಾರಿ ಹೋಗತೈತಿ. ಕುಂತ ಮಣಿ ಒಂದ ಗಳಿಗಿ ನಿಂದರತೈತಿ, ಆ ಗಳಿಗ್ಯಾಗ ತುಂಡ. ಕಡಿದ ಮ್ಯಾಲ ಕತ್ತರಿ ಮೊದಲಿನಂಗ ಖಾಲಿ ಆಗಿ, ಮುಂದಿಂದಕ್ಕ ತಯಾರ. ಅದು ಸವದು ಹೋಗಂಗಿಲ್ಲ, ಅದಕ್ಕ ಒಂದ ಚಿಟಿಕಿ ಇದ್ರ ಕೊಡ ಹಾಲು ಗಡ್ಡಿ ಆಗತೈತಿ.

ಹೊಟ್ಟಿ ಯಾಕ ಹರಿಯಂಗಿಲ್ಲ ಅಂದ್ಯಲ್ಲಾ, ಅಣ್ಣಾ, ನೀ ಸಾಲಿ ಬಿಡಬಾರದಿತ್ತು. ಇದ ಪ್ರಶ್ನಿ ಪರೀಕ್ಷಾದಾಗ ನನಗ ಕೇಳಿದ್ರು. ಕತ್ತರಿ ಹುಟ್ಟುವಾಗ ಬಾಯಿ ಮುಚ್ಚಿಕೊಂಡ ಹುಟ್ಟತೈತಿ. ಅದರ ಬಾಯಿಗೆ ಒಂದ ತುಂಡ ಸರ ಅಡ್ಡ ಇರತೈತಿ. ಹೊಟ್ಟ್ಯಾಗಿನ ಹುಳಿ ನೀರಿಗೆ ಬಿದ್ದಾಗ ಅಷ್ಟ ಆ ಅಡ್ಡ ತುಂಡ ಉದುರತೈತಿ, ಬಾಯಿ ತೆರೀತೈತಿ. ಹೊಟ್ಟಿ ಗ್ವಾಡಿಗೆ ಲೋಳಿ ಬಳದಿರತೈತಿ, ಅದರಿಂದ ಗ್ವಾಡಿ ಉಳೀತೈತಿ.

ಹುಗಿಯೋ ಪದ್ಧತಿ ನಾ ಮರತಿಲ್ಲ. ಚಿಕ್ಕಾಕಿದ್ದಾಗ ಹಾಲು ಸುರದಾಕಿ ನಾನ. ಮರತು ಕೇಳಿದ್ದಲ್ಲ, ನೆನಪ ಇಟಗೊಂಡ ಕೇಳಿದ್ದು. ಇನ್ನೊಮ್ಮೆ ಕೇಳಂಗಿಲ್ಲ.

ರಾಮವ್ವ

&nbsp;

ಮಸಗುಪ್ಪಿ
೩೦ ನವೆಂಬರ್ ೧೯೫೮

ರಾಮವ್ವಾ,

ಘಟಪ್ರಭಾ ಟೇಶನ್ನಿಗೆ ಹೋಗಿ ಪಾರ್ಸಲ್ ಹಚ್ಚಿ ಈಗ ಬಂದು ಕುಂತೇನಿ. ಆರು ಚೀಲ ಅದಾವು. ಹೊಳಿಗುಂಟ ಬರುವಾಗ ಧುಪದಾಳದ ಒಡ್ಡಿನ ಕಡೆಯಿಂದ ಎಂಥಾ ಗಾಳಿ ಬೀಸತಿತ್ತಂದ್ರ ಕಂಬಳಿ ಹೊಚ್ಚಿದ್ರೂ ಹಲ್ಲು ಕಟಕಟ ಅನ್ನಾಕತ್ತಿದ್ದವು. ಇದ ಥಂಡಿಗೆ ಮರಿ ಹೋಗ್ಯಾವು. ನಾ ಯಾವದನ್ನೂ ಸಾಯಲಿ ಅಂತ ಕಾಯ್ದಿಲ್ಲ. ಬದುಕಸಾಕ ಆಗೋದೆಲ್ಲಾ ಮಾಡೇನಿ.

ನಿನ್ನ ಪತ್ರ ಅವ್ವಗ ಓದಿ ಹೇಳಿದ್ನಿ, ಈ ಸಲ ಖರೇನ ಹೇಳಿದ್ನಿ. ಅವ್ವ ಪತ್ರ ಕೈಯಾಗ ಇಸಗೊಂಡ್ಲು. "ಆ ಹುಡುಗಿ ಸುಮಸುಮಕ ಕೇಳೋದಲ್ಲ, ಕೊಡು" ಅಂದ್ಲು. ಅವ್ವ ಅಂದ ಮ್ಯಾಲ ಮುಗೀತು.

ಚಾಕು ಹಚ್ಚುವ ಮೊದಲ ಬೀರಪ್ಪ ದೇವರಿಗೆ ಕೈ ಮುಗದೇನಿ. ಬಾಕಿ ಮೈ ಪದ್ಧತಿ ಪ್ರಕಾರ ಹುಗದು ಹಾಲು ಸುರದೇನಿ. ತಾಯಿ ಉಣ್ಣಿ ಎಳಿ ಮಾತ್ರ ಮಣ್ಣಾಗ ಇಡಲಿಲ್ಲ. ಆ ಹೊಟ್ಟಿ ಪುಣೆಗೆ ಒಂಟಿ ಹೋಗಬಾರದಂತ ಒಂದೊಂದು ಚೀಲಕ್ಕ ಅದರದರ ತಾಯಿ ಉಣ್ಣಿ ಕಟ್ಟೇನಿ. ನೀ ಬಿಚ್ಚಿ ಒಗೀಬ್ಯಾಡ.

ಕೆಂದ ಉಣ್ಣಿ ಕಟ್ಟಿದ್ದು ಮಾಲಿಂಗಪ್ಪ ಕಾಕಾನ ಕುರಿ ಮರೀದು. ಕಾಕಾ ಊರಾಗ ಇರಲಿಲ್ಲ, ಅಲ್ಲವ್ವ ಚಿಗವ್ವ ತಾನ ಕೈಯಾರೆ ಕೊಟ್ಲು. ತಿರಿಗಿ ಬಂದಾಗ ಗೊತ್ತಾತು. ಏನ ಬೈದಾಂತಿ! "ಸಾಲಿ ಕಲತ ತಂಗಿ ಸಲುವಾಗಿ ಕುಲದ ಪದ್ಧತಿ ಮಾರಿದಿ" ಅಂದ. ಮರುದಿನ ತನ್ನ ಕುರಿ ಆರಿಸಿ ಬ್ಯಾರೆ ಮಾಡಿಕೊಂಡು ಹ್ವಾದ. ಈಗ ಇಬ್ಬರದೂ ಎರಡ ಹಿಂಡು, ಎರಡ ದಾರಿ. ಕುರಿಗೋಳು ಎರಡ ದಿನ ಒಂದಕ್ಕೊಂದು ಒದರಿದವು.

ನೀ ಹುಲ್ಲು ಮುಟ್ಟದ ಮರಿ ಕೇಳಿದ್ದಕ್ಕ ಉತ್ತರಾ: ಒಂದ ಮರಿಯೂ ದಡ್ಡಿ ಬಿಟ್ಟು ಮೇಯಾಕ ಹೋಗಿಲ್ಲ. ನಾಳೆ ನಾ ಹಿಂಡು ಹೊಡಕೊಂಡು ಹುಕ್ಕೇರಿ ಕಡೆ ಹೊಲದಾಗ ಗೊಬ್ಬರಕ್ಕ ಕುರಿ ತರಬಾಕ ಹೊಂಟೇನಿ. ಹುಕ್ಕೇರಿ ಪ್ಯಾಟ್ಯಾಗ ಕಲ್ಲಪ್ಪನ ಚಹಾದ ಅಂಗಡಿಗೆ ಪತ್ರ ಹಾಕು.

ಬೀರಸಿದ್ದಪ್ಪ

&nbsp;

ಪುಣೆ
೫ ಜನೇವರಿ ೧೯೫೯

ಅಣ್ಣಾ,

ನಾ ಸೋತೆ.

ನಿನ್ನ ಆರು ಚೀಲದಿಂದ ಆರು ಬಾಟ್ಲಿ ರಸಾ ತಗದೇನಿ. ಬಾಟ್ಲಿ ಕೊಳ್ಳಿಗೆ ಅವುಗಳ ಉಣ್ಣಿ ಕಟ್ಟೇನಿ. ಇಲ್ಲಿ ಎಲ್ಲಾರೂ ನಕ್ಕರು, ನಗಲಿ ಅಂದ್ನಿ. ಹಾಲಿನ ಪ್ರೋಟೀನಿಗೆ ರಸಾ ಹಾಕಿ, ಬಿದ್ದ ತುಂಡುಗೋಳನ್ನ ಕಾಗದದ ಮ್ಯಾಲ ಹರಿಬಿಟ್ಟು, ಮದ್ದು ಸಿಂಪಡಿಸಿ ಕಾಸಿದ್ರ ನೇರಳಿ ಬಣ್ಣದ ಕಲಿ ಮೂಡತಾವು. ಕತ್ತರಿ ಒಂದ ಕಡೆ ಕಡಿದಿದ್ರ ಬುಡಕ ಒಂದ ಕಲಿ ನಿಂದರಬೇಕು, ಬಾಕಿ ಕಾಗದ ಬಿಳೇದಿರಬೇಕು.

ಮೂರು ಬಾಟ್ಲಿ ಹಂಗ ಬಂದವು. ಇನ್ನ ಮೂರು ಬಾಟ್ಲಿ ಕಾಗದದ ತುಂಬ ಕಲಿ, ಸಿಡಬು ಎದ್ದಂಗ. ಸರ್ ನೋಡಿದ್ರು. "ಒಂದ ಹಿಂಡಿನ ಮರಿ, ಒಂದ ಕೈಯ ಕೆಲಸ, ಎರಡ ಉತ್ತರಾ. ಕೆಲಸ ಹೊಲಸ ಆಗೈತಿ" ಅಂದು ಹ್ವಾದ್ರು. ಬಾಜೂ ಮೇಜಿನಾಂವ, "ಕುರುಬರ ಕತ್ತರಿ ಅಲ್ಲೇನ್ರಿ, ಸಿಕ್ಕಿದ್ದೆಲ್ಲಾ ಬೋಳಸ್ತೈತಿ" ಅಂದ. ಅವನ ಮಾರಿ ಮ್ಯಾಲ ಬಾಟ್ಲಿ ಒಗೀಬೇಕಂತ ಕೈ ಎತ್ತಿದ್ನಿ, ನಿನ್ನ ಉಣ್ಣಿ ಕಣ್ಣಿಗೆ ಬಿತ್ತು, ಇಳಿಸಿದ್ನಿ.

ಕಲಿ ನೋಡಿದ್ರ ಅದು ಪೆಪ್ಸಿನ್, ಮೇಯ್ದ ಮರಿ ಹೊಟ್ಟೀದು. ಅಣ್ಣಾ, ಖರೆ ಹೇಳು. ನೀ ಇಲ್ಲದಾಗ ಯಾರರ ಮರಿಗೋಳನ್ನ ಹೊರಗ ಬಿಟ್ಟಿದ್ರೇನು? ನನಗ ಬ್ಯಾಸರಾಗಬಾರದಂತ ನೀ ಹೆಂಗರ ಮಾಡಿ ಆರು ತುಂಬಿಸಿದಿ ಏನು?

ರಾಮವ್ವ

&nbsp;

ಹುಕ್ಕೇರಿ, ಕಲ್ಲಪ್ಪನ ಅಂಗಡಿ
೧೫ ಜನೇವರಿ ೧೯೫೯

ರಾಮವ್ವಾ,

ನಿನ್ನ ಪತ್ರ ನಿನ್ನೆ ಸಂಕ್ರಾಂತಿ ದಿನ ಸಿಕ್ತು. ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡು ಅಂತಾರ, ನೀ ಚಲೋ ಮಾತು ಕಳಿಸಿದಿ.

ಬೀರಪ್ಪನ ಆಣಿ ಮಾಡಿ ಹೇಳತೇನಿ, ಒಂದ ಮರಿಯೂ ಹೊರಗ ಹೋಗಿಲ್ಲ. ನಾ ನಿನಗ ಸುಳ್ಳ ಹೇಳಿ ಆರು ತುಂಬಿಸ್ಲಿ? ಚಾಕು ಹಚ್ಚಿದ್ದು ನಾನ. ಕಾಕಾನ ಕಳಕೊಂಡದ್ದು ನಾನ. ಇಲ್ಲೇ ಹುಕ್ಕೇರಿ ಶಿವಾರದಾಗ ಅವನೂ ಹಿಂಡು ತರಬ್ಯಾನ. ಬಾವಿ ಕಡೆ ನೀರು ಕುಡಸುವಾಗ ಎದುರ ಬದುರ ಆಗತೇವಿ, ಅಂವ ಮಾರಿ ತಿರುವ್ತಾನ. ಹೊಲದ ಒಡ್ಯಾರು, "ಯಾಕ್ರಿ ಬೀರಸಿದ್ದಪ್ಪ, ಕಾಕಾನ ಕೂಡ ಜಗಳಾಡಿರೇನು?" ಅಂತ ಕೇಳತಾರ. ಏನಂತ ಹೇಳಲಿ? ತಂಗಿ ಹೊಟ್ಟಿ ಬೇಡಿದ್ಲು ಅಂತ ಹೇಳ್ಲಿ? ಇಷ್ಟೆಲ್ಲಾ ಆದ ಮ್ಯಾಲ ನೀ ನನ್ನ ಮ್ಯಾಲ ಸಂಶೆ ಪಡತಿ.

ಸಿಟ್ಟು ಬಂದೈತಿ, ಬಾಳ ಬಂದೈತಿ. ಆದ್ರ ನೀ ಅಲ್ಲಿ ಒಬ್ಬಾಕಿ ಕುಂತು ಅಳಾಕತ್ತಿದ್ರ ನನಗ ಅದು ಇನ್ನೂ ತಡಿಯಂಗಿಲ್ಲ. ಹೋಳಿ ಇನ್ನ ದೂರ ಐತಿ. ಊರಿಗೆ ಹೋಗು, ಅವ್ವನ ಕೈಯಾಗಿನ ಬಿಸಿ ರೊಟ್ಟಿ ತಿನ್ನು, ದಡ್ಡಿ ನಿನ್ನ ಕಣ್ಣೀಲೆ ನೋಡು. ಹೊಸಾ ಮರಿ, ಅವುಗಳ ತಾಯಿ ಕುರಿ ನಿನ್ನ ವೈನಿ ಕಡೆ ಅದಾವು. ನೋಡಿ ಆಮ್ಯಾಲ ನನಗ ಸುಳ್ಳ ಅನ್ನು.

ಆ ಬಾಜೂ ಮೇಜಿನಾಂವನ ಹೆಸರು ಬರದು ಕಳಸು. ಸುಮ್ಮನ ಗೊತ್ತಿರಲಿ.

ಬೀರಸಿದ್ದಪ್ಪ

&nbsp;

ಮಸಗುಪ್ಪಿ
೨೭ ಜನೇವರಿ ೧೯೫೯

ಅಣ್ಣಾ! ಅಣ್ಣಾ!

ನೀ ಸುಳ್ಳ ಹೇಳಿಲ್ಲ. ನಾ ಸಂಶೆ ಪಟ್ಟದ್ದಕ್ಕ ನಿನ್ನ ಕಾಲು ಹಿಡೀತೇನಿ. ಈಗ ನಾ ಹೇಳೋದು ಕೇಳಿ ನೀ ಬಿದ್ದು ಬಿದ್ದು ನಗಬೇಕು.

ಮೂರು ದಿನ ದಡ್ಡ್ಯಾಗ ಕುಂತ್ನಿ. ಮರಿಗೋಳು ಹೊರಗ ಹೋಗಲಿಲ್ಲ, ಹುಲ್ಲಿನ ಕಡ್ಡಿ ಒಳಗ ಬರಲಿಲ್ಲ. ತಲಿ ಕೆಟ್ಟು ಹೋತು. ಇವತ್ತ ಮುಂಜಾನೆ ವೈನಿ ರೊಟ್ಟಿ ಬಡಿಯಾಕತ್ತಿದ್ಲು, "ರಾಮವ್ವಾ, ಮರಿಗೆ ತೊಪ್ಪಲ ಕಟ್ಟಿ ಬಾರವಾ" ಅಂದ್ಲು. ಹೂಂ ಅಂದು ಎದ್ನಿ. ಜಾಲಿ ತೊಪ್ಪಲ ತಂದ್ನಿ, ಸಣ್ಣ ಸೂಡು ಮಾಡಿದ್ನಿ, ಹಗ್ಗದಿಂದ ಮರಿ ಬಾಯಿಗೆ ನಿಲಕುವಂಗ ದಡ್ಡಿ ಗೂಟಕ್ಕ ಕಟ್ಟಿದ್ನಿ. ಚಿಕ್ಕಾಕಿದ್ದಾಗಿಂದ ಮಾಡಿದ ಕೆಲಸ, ಕೈ ತಾನ ಮಾಡತೈತಿ. ಕಟ್ಟಿ ಮುಗಿಸಿ ಹೊಳ್ಳಿದ್ನಿ. ಒಂದ ಬಿಳೆ ಮರಿ ಓಡಿ ಬಂದು ಚಪ್ಪರಿಸಿ ತಿನ್ನಾಕ ಹತ್ತಿತು.

ಅಲ್ಲೇ ನೆಲಕ್ಕ ಕುಂತುಬಿಟ್ನಿ ನಾ. ಅಣ್ಣಾ, ತೊಪ್ಪಲ! ಮರಿ ಮಣ್ಣು ತಿನ್ನಬಾರದಂತ ನಾವು ಕಟ್ಟೋ ತೊಪ್ಪಲ! ನಾವು ಅದಕ್ಕ ಮೇವು ಅನ್ನಂಗಿಲ್ಲ, ಮೇಯೋದು ಅನ್ನಂಗಿಲ್ಲ, ಅದು ಕೂಸಿಗೆ ಕಟ್ಟೋ ಗಿಲಿಗಿಲಿ ಇದ್ದಂಗ. ನಾ ಕೇಳುವಾಗ ನೆನಪಾಗಲಿಲ್ಲ, ನೀ ಹೇಳುವಾಗ ನೆನಪಾಗಲಿಲ್ಲ. ಪುಣೆಯವರು ಬಂದು ನೋಡಿದ್ರ ಮೊದಲನೇ ದಿನಾನ ಇದೇನ್ರಿ ಅಂತ ಕೇಳತಿದ್ರು. ಕುರುಬರಾದ ನಮ್ಮಿಬ್ಬರಿಗೇ ಕಾಣಲಿಲ್ಲ. ವೈನಿ ಓಡಿ ಬಂದು ನಾ ಯಾಕ ನಗಾಕತ್ತೇನಿ, ಯಾಕ ಅಳಾಕತ್ತೇನಿ ಅಂತ ಕೇಳಿದ್ಲು. ಆಕೀನ ಅಪ್ಪಿಕೊಂಡ್ನಿ, ಹಿಟ್ಟಿನ ಕೈ ಎಲ್ಲಾ ನನ್ನ ಸೀರಿಗೆ.

ಈಗ ಕೆಲಸದ ಮಾತು. ತೊಪ್ಪಲ ತಿಂದ ಮರಿ ಹೊಟ್ಟ್ಯಾಗ ಪೆಪ್ಸಿನ್ ಹುಟ್ಟೈತಿ, ತಿನ್ನದ ಮರಿ ಹೊಟ್ಟ್ಯಾಗ ಬರೇ ರೆನಿನ್. ಇದು ಖರೆ ಇದ್ರ ನನ್ನ ಕೆಲಸ ಹೊಲಸ ಆಗಿಲ್ಲ, ಆರೂ ಬಾಟ್ಲಿ ಖರೇನ ಹೇಳ್ಯಾವು. ನಿನಗ ಉಣ್ಣಿ ಬಣ್ಣ ಬರೀತೇನಿ, ಯಾವ ಮರಿ ಎಷ್ಟು ದೊಡ್ಡದಿತ್ತು, ತೊಪ್ಪಲಿಗೆ ಬಾಯಿ ಹಾಕಿತ್ತೋ ಇಲ್ಲೋ ಹೇಳು: ಕರೇದು, ಹಾಲಬಿಳುಪು, ಬೂದಿ, ಕರಿ ಬಿಳಿ ಕೂಡಿದ್ದು, ಗುಂಗರ ಬಿಳೇದು, ಕೆಂದ. ನನ್ನ ಉತ್ತರಾ ನಾ ಹೇಳಂಗಿಲ್ಲ. ನೀ ಮೊದಲ ಹೇಳು.

ನಿನ್ನ ಹುಚ್ಚ ತಂಗಿ
ರಾಮವ್ವ

&nbsp;

ನಿಡಸೋಸಿ ಹಾದಿ
೩ ಫೆಬ್ರವರಿ ೧೯೫೯

ಹುಚ್ಚಿ,

ನಕ್ಕೇನಿ. ಹೊಟ್ಟಿ ಹಿಡಕೊಂಡ ನಕ್ಕೇನಿ. ನಿಡಸೋಸಿ ಕಡೆ ಒಂದ ಕಬ್ಬಿನ ಹೊಲದ ಬದುವಿನ ಮ್ಯಾಲ ಕುಂತು ನಿನ್ನ ಪತ್ರ ಓದಾಕತ್ತಿದ್ನಿ, ನಾಯ ಸೈತ ಹೆದರಿ ಎದ್ದು ನಿಂತು ಬೊಗಳಿತು. ತೊಪ್ಪಲ! ಯಪ್ಪಾ ದೇವರ!

ಕೇಳು. ಕರೇದು, ಹುಟ್ಟಿ ಎರಡನೇ ದಿನಕ್ಕ ಹೋತು, ಅದಕ್ಕ ನಿಂದರಾಕ ಬರತಿರಲಿಲ್ಲ, ತೊಪ್ಪಲ ಎಲ್ಲಿಂದ ತಿನ್ನಬೇಕು. ಬೂದೀದೂ ಹಂಗ, ಎಳೇದು. ಹಾಲಬಿಳುಪು, ಅಯ್ಯೋ, ಅದು ದೊಡ್ಡ ತಿಂಡಿಪೋತ. ತನ್ನ ಸೂಡು ತಿಂದು ಮಂದೀ ಸೂಡಿಗೂ ಹೋಗತಿತ್ತು. ಕರಿ ಬಿಳಿ ಕೂಡಿದ್ದೂ ತಿಂದೈತಿ. ಗುಂಗರ ಬಿಳೇದು ಚೂರು ಚೂರು ಕಡೀತಿತ್ತು, ಆದ್ರ ತಿಂದೈತಿ.

ಕೆಂದ ಮರಿ ಮಾತು ಬ್ಯಾರೆ. ಅದು ಎಲ್ಲಕ್ಕಿಂತ ದೊಡ್ಡದು, ಹಾಲಬಿಳುಪಿಗಿಂತ ಮೊದಲ ಹುಟ್ಟಿದ್ದು. ಹುಟ್ಟುವಾಗ ಮುಂಗಾಲು ಡೊಂಕಿತ್ತು. ಅಲ್ಲವ್ವ ಚಿಗವ್ವ ಅದನ್ನ ದಡ್ಡಿಗೆ ಬಿಡಲಿಲ್ಲ, ಮನ್ಯಾಗ ಒಲಿ ಮುಂದ ಇಟ್ಟಿದ್ಲು. ತಾಯಿ ಹಾಲು ಹಿಂಡಿ ಅರಬಿ ಬತ್ತಿಲೆ ಕುಡಸತಿದ್ಲು. ಅದು ತೊಪ್ಪಲ ಕಣ್ಣೀಲೆ ಕಂಡಿಲ್ಲ.

ಈಗ ನೀ ಹೇಳು. ಕಲ್ಲಪ್ಪನ ಅಂಗಡಿಗೆ ಪತ್ರ ಹಾಕು, ಹೋಗಿ ಹೋಗಿ ಕೇಳತೇನಿ.

ಬೀರಸಿದ್ದಪ್ಪ

&nbsp;

ಪುಣೆ
೨೨ ಮಾರ್ಚ್ ೧೯೫೯

ಅಣ್ಣಾ,

ಗೆದ್ದೇನಿ.

ಮೊದಲ ಅದನ್ನ ಬರದೇನಿ, ಈಗ ಆರಾಮ ಓದು. ನಿನ್ನ ಪತ್ರ ಹಿಡಕೊಂಡು ನನ್ನ ಕಾಗದ ನೋಡಿದ್ನಿ. ಕರೇದು, ಬೂದಿ, ಕೆಂದ: ಒಂದ ಕಲಿ. ತೊಪ್ಪಲ ತಿಂದ ಮೂರೂ: ಸಿಡಬು. ಒಂದೂ ತಪ್ಪಿಲ್ಲ. ಸರ್ ಕಡೆ ಓಡಿ ಹೋದ್ನಿ. ಸರ್ ಕನ್ನಡಕ ತಗದು ಒರಿಸಿದ್ರು, "ನೀ ಉತ್ತರಾ ಗೊತ್ತಾದ ಮ್ಯಾಲ ಬಂದಿ. ಎಲ್ಲಾರ ಮುಂದ ಇನ್ನೊಮ್ಮೆ ಮಾಡು, ಯಾವ ಬಾಟ್ಲಿ ಯಾವದು ಅಂತ ನಿನಗ ತಿಳೀಬಾರದು" ಅಂದ್ರು. ಮಾಡತೇನ್ರಿ ಅಂದ್ನಿ.

ಬಾಟ್ಲಿ ಉಣ್ಣಿ ಬಿಚ್ಚಿ, ಅದಲಿ ಬದಲಿ ಮಾಡಿ ಅಂಕಿ ಹಚ್ಚಿದಾಂವ ಯಾರಂತಿ? ಬಾಜೂ ಮೇಜಿನಾಂವ! ಅಂವ ಬ್ಯಾರೆ ಖೋಲಿಯಾಗ ಮಾಡಿ ಬಂದ. ನಿನ್ನೆ ಎಲ್ಲಾರೂ ಕೂಡಿದ್ರು. ಮುಂಬೈಯಿಂದ ಬಂದ ದೊಡ್ಡವರೊಬ್ಬರು ಮುಂದಿನ ಕುರ್ಚಿ ಮ್ಯಾಲ ಕುಂತಿದ್ರು. ಮದ್ದು ಸಿಂಪಡಿಸಿ ಕಾಗದ ಕಾಸಿದ್ನಿ. ಅಣ್ಣಾ, ಕಲಿ ಮೂಡೋದು ನೋಡಬೇಕು ನೀ. ಮೊದಲ ಏನೂ ಇರಂಗಿಲ್ಲ, ಆಮ್ಯಾಲ ಹಗುರಕ ಹಗುರಕ ನೇರಳಿ ಏಳತೈತಿ. ನಾ ಒಂದೊಂದ ಕಾಗದ ಬೆಳಕಿಗೆ ಹಿಡದು ನೋಡಿದ್ನಿ.

ಹೇಳಿದ್ನಿ. "ಇವು ಮೂರು ಬರೇ ಹಾಲು ಕುಡಿದಾವು, ಇವು ಮೂರು ತೊಪ್ಪಲ ತಿಂದಾವು." ಬಾಜೂ ಮೇಜಿನಾಂವ ತನ್ನ ಚೀಟಿ ನೋಡಿದ. "ಆರೂ ಬರೋಬರಿ" ಅಂದ. ದನಿ ಸಣ್ಣದಾಗಿತ್ತು, ಆದ್ರ ಅಂದ.

ಮುಂಬೈಯವರು ಬಿಡಲಿಲ್ಲ. "ತೊಪ್ಪಲ ತಿಂದಾವು ದೊಡ್ಡಾವು ಇರಬೇಕು, ತಿನ್ನದಾವು ಎಳೇವು. ವಯಸ್ಸಿಗೆ ಪೆಪ್ಸಿನ್ ಬಂದಿರಬೇಕು, ತೊಪ್ಪಲಿಗೆ ಬಂದೈತಿ ಅಂತ ಹೆಂಗ ಹೇಳತಿ?" ಅಂತ ಕೇಳಿದ್ರು. ಅದ ಪ್ರಶ್ನಿಗೆ ಕಾಯಾಕತ್ತಿದ್ನಿ ನಾ. ಕೆಂದ ಬಾಟ್ಲಿ ಕಾಗದ ಎತ್ತಿ ಹಿಡದ್ನಿ. "ಇದು ಎಲ್ಲಕ್ಕಿಂತ ದೊಡ್ಡ ಮರೀದು. ಕಾಲು ಡೊಂಕಂತ ಮನ್ಯಾಗ ಇಟ್ಟಿದ್ರು, ಬರೇ ಹಾಲು ಕುಡದೈತಿ. ನೋಡ್ರಿ, ಒಂದ ಕಲಿ." ಅವರು ಎದ್ದು ಬಂದು ಕಾಗದಕ್ಕ ಮೂಗು ಹಚ್ಚಿ ನೋಡಿದ್ರು. ನಾ ಇನ್ನೂ ಎರಡ ಮಾತು ಸೇರಿಸಿದ್ನಿ: ಬಾಳ ಹೊತ್ತು ಬಿಟ್ರ ರೆನಿನ್ನೂ ಅಲ್ಲಲ್ಲಿ ಚೂರು ಕಡೀತೈತಿ, ಮತ್ತ ಇಂಥಾ ಕೆಂದ ಮರಿ ಒಂದ ಆದ್ರ ಸಾಲಂಗಿಲ್ಲ, ಇನ್ನೂ ನೋಡಬೇಕು. ಅದಕ್ಕ ಅವರು, "ನೀನ ನೋಡು. ಯಾವ ಕತ್ತರಿ ಎಲ್ಲಿ ಕಡೀತೈತಿ ಅಂತ ಹೇಳಾಕ ಬಂದಿ, ಹೊಟ್ಟಿ ಉಂಡದ್ದು ನೋಡಿ ಕತ್ತರಿ ಬದಲ ಮಾಡತೈತಿ ಅಂತ ತೋರಿಸಿದಿ" ಅಂದ್ರು.

ಜಾಗಾ ನನ್ನದ, ಅಣ್ಣಾ. ಹೋಳಿಗೆ ಇನ್ನ ಎರಡ ದಿನ ಐತಿ.

ರಾಮವ್ವ

&nbsp;

ಹುಕ್ಕೇರಿ, ಕಲ್ಲಪ್ಪನ ಅಂಗಡಿ
೩ ಏಪ್ರಿಲ್ ೧೯೫೯

ನನ್ನವ್ವಾ, ರಾಮವ್ವಾ,

ಏನ ಬರೀಲಿ, ಹೆಂಗ ಬರೀಲಿ.

ಇವತ್ತ ಸಂತಿ. ಅಂಗಡ್ಯಾಗ ಕಾಲಿಡಾಕ ಜಾಗಾ ಇರಲಿಲ್ಲ. ಮೂಲ್ಯಾಗಿನ ಬಾಕಿನ ಮ್ಯಾಲ ಮಾಲಿಂಗಪ್ಪ ಕಾಕಾ ನನಗ ಬೆನ್ನ ಮಾಡಿ ಕುಂತಿದ್ದ. ಕಲ್ಲಪ್ಪ ನಿನ್ನ ಪತ್ರ ಕೊಟ್ಟ. ಮನಸಿನ್ಯಾಗ ಓದಬೇಕಂತ ಹರದ್ನಿ, ಮೊದಲನೇ ಮಾತು ನೋಡಿದವನ ಒದರಿಬಿಟ್ನಿ. ಮಂದಿ ಓದು ಓದು ಅಂದ್ರು. ಬಾಕಿನ ಮ್ಯಾಲ ನಿಂತು ಓದಿದ್ನಿ. ಕಲಿ ಮೂಡೋ ಕಡೆ ಬಂದಾಗ ಚಹಾ ಸೋಸೋದು ಬಿಟ್ಟು ಕಲ್ಲಪ್ಪ ಬಾಯಿ ತಕ್ಕೊಂಡ ನಿಂತಿದ್ದ.

ಕೆಂದ ಮರಿ ಮಾತು ಬಂತು. ಕಾಕಾ ಹೊಳ್ಳಿದ.

"ಏನಂದಿ? ಕೆಂದ ಅಂದ್ರ ನಮ್ಮ ಕೆಂದ?"

ನಾಕು ತಿಂಗಳ ಮ್ಯಾಲ ನನ್ನ ಕೂಡ ಆಡಿದ ಮೊದಲನೇ ಮಾತು. ಹೂನೋ ಕಾಕಾ ಅಂದ್ನಿ. ಇನ್ನೊಮ್ಮೆ ಓದು ಅಂದ. ಓದಿದ್ನಿ. ಆ ದೊಡ್ಡ ಸಾಹೇಬ ಎದ್ದು ಬಂದು ಮೂಗು ಹಚ್ಚಿದ್ದು ಇನ್ನೊಮ್ಮೆ ಓದು ಅಂದ. ಅದನ್ನೂ ಓದಿದ್ನಿ. ಮುದುಕ ರುಮಾಲ ಸರಿ ಮಾಡಿಕೊಂಡು ಎದ್ದ, ಅಂಗಡಿ ಬಾಗಲದಾಗ ನಿಂತು ಸಂತಿಗೆ ಸಂತೀನ ಕೇಳೂವಂಗ ಒದರಿದ.

"ಕೇಳ್ರೋ! ನನ್ನ ಕುರಿ ಮರಿ ಪುಣೆದಾಗ ಗೆದ್ದೈತಿ! ಕಾಲು ಡೊಂಕಿದ್ದದ್ದು! ನಮ್ಮ ಅಲ್ಲವ್ವ ಬತ್ತಿಲೆ ಹಾಲು ಕುಡಿಸಿ ಜ್ವಾಪಾನ ಮಾಡಿದ್ದು!"

ಒಬ್ಬಾಂವ ಏನ ಓಟದಾಗ ಗೆದ್ದೈತೇನ್ರಿ ಅಂತ ಕೇಳಿದ. ಕಾಕಾ ಅವಗ ಕತ್ತರಿ, ಮಣಿ, ತಗ್ಗು ಎಲ್ಲಾ ತಾನ ಕಂಡು ಹಿಡದಾಂವನಂಗ ಹೇಳಿದ, ಅರ್ಧಾ ತಪ್ಪು. ನಾ ತಿದ್ದಾಕ ಹೋಗಲಿಲ್ಲ.

ಆಮ್ಯಾಲ ಬಂದು ನನ್ನ ಬಾಜೂಕ ಕುಂತ. ಬಾಳ ಹೊತ್ತು ಬಸಿಯಾಗ ಚಹಾ ಊದಿದ. "ಸಂಜಿಕೆ ನನ್ನ ಕುರಿ ನಿನ್ನ ಹಿಂಡಿಗೆ ಹೊಡೀತೇನಿ. ಅವಕ್ಕೂ ಬ್ಯಾಸರಾಗೈತಿ" ಅಂದ. ಬಸಿ ಖಾಲಿ ಮಾಡಿ ಮತ್ತ, "ಆಕಿ ಇನ್ನೂ ನೋಡಬೇಕು ಅಂದಾಳಲ್ಲಾ. ಮುಂದ ಯಾವದರ ಮರಿ ಸತ್ರ ನನಗ ಹೇಳು, ನಾನ ಚಾಕು ಹಿಡೀತೇನಿ" ಅಂದ.

ಈಗ ಸಂಜಿ ಆಗೈತಿ, ಹೊಲದಾಗ ಕುಂತು ಬರಿಯಾಕತ್ತೇನಿ. ಎರಡೂ ಹಿಂಡು ಕೂಡ್ಯಾವು, ಗದ್ದಲಕ್ಕ ಕಿವಿ ಕೇಳವಲ್ಲವು. ಕಾಕಾ ಹೊಲದ ಒಡ್ಯಾರಿಗೆ ಮತ್ತ ಮೊದಲಿಂದ ಹೇಳಾಕತ್ತಿದ್ದ, ಗೆದ್ದದ್ದು ತನ್ನ ಮರಿ ಅಂತ. ನಾ ಎರಡ ಸಲ ಕೇಳಿದ್ನಿ. ಆಮ್ಯಾಲ ತಡೀಲಿಲ್ಲ, ಹೋಗಿ ಅಡ್ಡ ನಿಂತು ಅಂದ್ನಿ: "ಮರಿ ನಿಂದ ಇರಲಿ, ಕಾಕಾ. ಗೆದ್ದಾಕಿ ನನ್ನ ತಂಗಿ." ಅನ್ನೂದರಾಗ ಅಷ್ಟು ಕುರಿ ನಡುವ ನಿಂತು ಅತ್ತುಬಿಟ್ನಿ.

ನಿನ್ನಣ್ಣ
ಬೀರಸಿದ್ದಪ್ಪ